ಅಂಬಾಸಿಡರ್ ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಪದೇ ಪದೇ ಸಡಿಲವಾಗ್ತಿದೆಯಾ? ಲಾಕ್ ಹುಡುಕುವ ಮೊದಲು ಇದನ್ನು ಮಾಡಿ

ಹಳೆ ಅಂಬಾಸಿಡರ್ ಇಟ್ಟುಕೊಂಡವರಿಗೆ ಈ ಸದ್ದು ಗೊತ್ತಿರುತ್ತದೆ. ಕ್ಲಚ್ ಬಿಟ್ಟ ಕೂಡಲೇ ಹಿಂದಿನ ಸೀಟಿನ ಕೆಳಗೆ ‘ಟಕ್’ ಅನ್ನುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮತ್ತೊಮ್ಮೆ ‘ಟಕ್’. ಗಾಡಿ ಎತ್ತಿ ನೋಡಿದರೆ, ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್‌ಗೆ ಸೇರುವ ಕಡೆ ನಾಲ್ಕು ಬೋಲ್ಟ್‌ಗಳಲ್ಲಿ ಒಂದೆರಡು ಸಡಿಲ. ಬಿಗಿ ಮಾಡುತ್ತೀರಿ. ಸ್ವಲ್ಪ ದಿನ ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಕತೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೋಲ್ಟ್ ಬಿದ್ದು ಶಾಫ್ಟ್ ಕಳಚಿಕೊಂಡರೆ, ತಿರುಗುತ್ತಿರುವ ಆ ಕಬ್ಬಿಣದ ಕೊಳವೆ ರಸ್ತೆಗೂ ಬಡಿಯುತ್ತದೆ, ಗಾಡಿಯ ತಳಕ್ಕೂ ಬಡಿಯುತ್ತದೆ. ಬ್ರೇಕ್ ಪೈಪ್ ಹತ್ತಿರದಲ್ಲೇ ಇರುತ್ತದೆ. ಚಾರ್ಮಾಡಿ, ಶಿರಾಡಿಯಂಥ ಘಾಟಿ ಇಳಿಯುವಾಗ ಹಾಗಾದರೆ ಎಂಜಿನ್ ಬ್ರೇಕೂ ಕೈಕೊಡುತ್ತದೆ. ಗೇರ್ ಯಾವುದರಲ್ಲಿದ್ದರೂ ಚಕ್ರಕ್ಕೆ ಅದರ ಹಿಡಿತ ಸಿಗುವುದಿಲ್ಲ.

ಬಹಳ ಜನ ಇದಕ್ಕೆ ಗಟ್ಟಿಯಾದ ಲಾಕ್ ಹುಡುಕುತ್ತಾರೆ. ಡಬಲ್ ನಟ್, ಡಬಲ್ ವಾಶರ್, ಥ್ರೆಡ್‌ಗೆ ಹಚ್ಚುವ ಕೆಂಪು ಗೋಂದು, ಕೊನೆಗೆ ವೆಲ್ಡಿಂಗ್ ಚುಕ್ಕೆ. ನನ್ನ ಅಭಿಪ್ರಾಯದಲ್ಲಿ ಹುಡುಕಾಟ ಶುರುವಾಗಬೇಕಾದ ಜಾಗ ಅದಲ್ಲ. ಬೋಲ್ಟ್ ಅದುಮಿ ಹಿಡಿದಿರುವ ಎರಡು ಫ್ಲ್ಯಾಂಜ್‌ಗಳ, ಅಂದರೆ ತೂತಿರುವ ಚಪ್ಪಟೆ ತಟ್ಟೆಗಳ, ಮುಖವನ್ನು ಮೊದಲು ನೋಡಿ. ಹತ್ತರಲ್ಲಿ ಎಂಟು ಸಲ ಕಾಯಿಲೆ ಅಲ್ಲೇ ಇರುತ್ತದೆ.

ಸಡಿಲವಾಗುವುದು ಯಾಕೆ

ಬೋಲ್ಟ್ ಬಿಗಿ ಮಾಡಿದಾಗ ಅದು ಸ್ವಲ್ಪ ಉದ್ದವಾಗುತ್ತದೆ. ಉಕ್ಕು ಮತ್ತೆ ಮೊದಲಿನ ಉದ್ದಕ್ಕೆ ಬರಲು ಎಳೆಯುತ್ತಲೇ ಇರುತ್ತದೆ. ಆ ಎಳೆತವೇ ಎರಡು ಫ್ಲ್ಯಾಂಜ್‌ಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು. ಎಂಜಿನ್ನಿನ ತಿರುಗು ಬಲ (ಟಾರ್ಕ್) ಒಂದು ಫ್ಲ್ಯಾಂಜ್‌ನಿಂದ ಇನ್ನೊಂದಕ್ಕೆ ದಾಟುವುದು ಮುಖ್ಯವಾಗಿ ಈ ಒತ್ತಡದಿಂದ ಹುಟ್ಟುವ ಘರ್ಷಣೆಯ ಮೂಲಕ. ಬೋಲ್ಟ್‌ನ ಮೈ ಅಡ್ಡ ಬಂದು ತಳ್ಳುವುದರಿಂದ ಅಲ್ಲ. ಮೊದಲ ಗೇರಿನಲ್ಲಿ ಎಂಜಿನ್ ಟಾರ್ಕ್ ಮೂರು ಪಟ್ಟಿಗೂ ಜಾಸ್ತಿಯಾಗಿ ಪ್ರೊಪೆಲ್ಲರ್ ಶಾಫ್ಟ್‌ಗೆ ಬರುತ್ತದೆ. ಒತ್ತಡ ಸಾಕಾಗದಿದ್ದರೆ ಎರಡು ಮುಖಗಳು ಕೂದಲೆಳೆಯಷ್ಟು ಜಾರುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ.

ಈ ಅಡ್ಡ ಜಾರುವಿಕೆಯೇ ನಿಜವಾದ ಶತ್ರು. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಬೋಲ್ಟ್‌ನ ಉದ್ದಕ್ಕೆ ಬರುವ ಕಂಪನಕ್ಕಿಂತ ಅಡ್ಡಕ್ಕೆ ಬರುವ ಜಾರುವಿಕೆ ನಟ್ ಅನ್ನು ಬಹಳ ಬೇಗ ತಿರುಗಿಸಿ ಬಿಚ್ಚುತ್ತದೆ. ಜಾರದಷ್ಟು ಬಿಗಿ ಉಳಿದಿದ್ದರೆ ನಟ್ ತಿರುಗಲು ಕಾರಣವೇ ಇರುವುದಿಲ್ಲ. ಬೋಲ್ಟ್‌ಗಳ ಪರೀಕ್ಷೆಗೆ ಇವತ್ತಿಗೂ ಅವರ ಹೆಸರಿನ ಯಂತ್ರವನ್ನೇ ಬಳಸುತ್ತಾರೆ.

ಹಾಗಾದರೆ ಸರಿಯಾಗಿ ಬಿಗಿ ಮಾಡಿದ ಮೇಲೂ ಬಿಗಿತ ಎಲ್ಲಿಗೆ ಹೋಗುತ್ತದೆ? ಒಂದು ಲೆಕ್ಕ ನೋಡಿ. 8.8 ದರ್ಜೆಯ (ಉಕ್ಕಿನ ಬಲದ ಗುರುತು) 8 ಮಿ.ಮೀ. ಬೋಲ್ಟ್ 12 ಮಿ.ಮೀ. ದಪ್ಪವನ್ನು ಹಿಡಿದಿದೆ ಅಂದುಕೊಳ್ಳಿ. ಪೂರ್ತಿ ಬಿಗಿಯಾದಾಗ ಅದು ಉದ್ದವಾಗುವುದು ಸುಮಾರು 0.025 ಮಿ.ಮೀ. ಮಾತ್ರ. ಅಂದರೆ 25 ಮೈಕ್ರಾನ್. ಪೌಡರ್ ಕೋಟಿಂಗ್ ದಪ್ಪ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್. ಫ್ಲ್ಯಾಂಜ್ ಮುಖಗಳ ನಡುವೆ ಆ ಬಣ್ಣ ಸಿಕ್ಕಿಕೊಂಡಿದ್ದರೆ ಬಿಸಿಗೂ ಒತ್ತಡಕ್ಕೂ ಅದು ನಿಧಾನವಾಗಿ ಹಿಸುಕಿಹೋಗುತ್ತದೆ. 20 ಮೈಕ್ರಾನ್ ಕುಸಿದರೂ ಸಾಕು, ಬೋಲ್ಟ್‌ನ ಎಳೆತ ಬಹುಪಾಲು ಖಾಲಿ. ನಟ್ ಒಂದು ಡಿಗ್ರಿಯೂ ತಿರುಗಿರುವುದಿಲ್ಲ, ಆದರೂ ಜಾಯಿಂಟ್ ಸಡಿಲ!

ಚೆನ್ನಾಗಿ ರೆಸ್ಟೋರ್ ಮಾಡಿಸಿದ ಗಾಡಿಗಳಲ್ಲೇ ಈ ತೊಂದರೆ ಜಾಸ್ತಿ ಕಾಣುವುದಕ್ಕೆ ಇದೇ ಕಾರಣ. ಎಲ್ಲ ಭಾಗಕ್ಕೂ ಹೊಸ ಬಣ್ಣ ಹೊಡೆದಿರುತ್ತಾರೆ. ಮುಖಗಳಿಗೂ ಸೇರಿಸಿ.

ಗಾಡಿ ಕೆಳಗೆ ಹೋಗುವ ಮೊದಲು

ಸಮತಟ್ಟಾದ ಗಟ್ಟಿ ನೆಲ ಬೇಕು. ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಮರದ ತುಂಡು ಕೊಡಿ. ಹಿಂದಿನ ಆಕ್ಸಲ್ ಎತ್ತಿ ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಅಂತೂ ಬೇಡವೇ ಬೇಡ, ಒಮ್ಮೆಲೇ ಪುಡಿಯಾಗುತ್ತವೆ.

ಒಂದು ವಿಷಯ ತುಂಬಾ ಜನ ಮರೆಯುತ್ತಾರೆ. ಶಾಫ್ಟ್ ಬಿಚ್ಚಿದ ಮೇಲೆ ಗೇರ್ ಹಾಕಿಟ್ಟರೆ ಗಾಡಿ ನಿಲ್ಲುವುದಿಲ್ಲ. ಗೇರ್‌ಬಾಕ್ಸ್‌ಗೂ ಚಕ್ರಕ್ಕೂ ಸಂಬಂಧವೇ ಕಡಿದಿರುತ್ತದೆ. ಮರದ ತುಂಡನ್ನೇ ನಂಬಬೇಕು. ವಿಲ್ಲೀಸ್ ಜೀಪ್ ಇದ್ದವರು ಇನ್ನೂ ಹುಷಾರಾಗಿರಿ. ಅದರ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಹಿಂದೆ ಇದೆ. ಶಾಫ್ಟ್ ಬಿಚ್ಚಿದರೆ ಹ್ಯಾಂಡ್‌ಬ್ರೇಕೂ ಹೋದಂತೆ.

ಬಿಚ್ಚುವಾಗ ಕಣ್ಣು ತೆರೆದಿಡಿ

ಬಿಚ್ಚುವ ಮುಂಚೆ ಒಮ್ಮೆ ಟಾರ್ಚ್ ಹಾಕಿ ನೋಡಿ. ಬೋಲ್ಟ್ ತಲೆಯ ಸುತ್ತ ಅಥವಾ ಫ್ಲ್ಯಾಂಜ್ ಸೇರುವ ಗೆರೆಯಲ್ಲಿ ಕೆಂಪು ಕಂದು ಪುಡಿ ಕಾಣುತ್ತದೆಯಾ? ಅದು ಬರೀ ನೀರಿನ ತುಕ್ಕಲ್ಲ. ಎರಡು ಲೋಹದ ಮುಖಗಳು ಉಜ್ಜಿಕೊಂಡು ಉದುರಿದ ಪುಡಿ. ಅಂದರೆ ಜಾಯಿಂಟ್ ಜಾರುತ್ತಿತ್ತು ಅಂತ ಸಾಕ್ಷಿ ಸಿಕ್ಕಿತು. ತಲೆ ಕೆಳಗೆ ಹೊಳೆಯುವ ಉಂಗುರದ ಗುರುತು ಇದ್ದರೂ ಅದೇ ಅರ್ಥ.

ಆಮೇಲೆ ಎರಡೂ ಫ್ಲ್ಯಾಂಜ್‌ಗೆ ಅಡ್ಡಲಾಗಿ ಒಂದು ಗೆರೆ ಎಳೆಯಿರಿ. ಬಣ್ಣದ ಪೆನ್ ಆದರೂ ಸರಿ, ಪಂಚ್ ಗುರುತಾದರೂ ಸರಿ. ವಾಪಸ್ ಜೋಡಿಸುವಾಗ ಅದೇ ಸ್ಥಾನಕ್ಕೆ ಬಂದರೆ ಬ್ಯಾಲೆನ್ಸ್ ಕೆಡುವುದಿಲ್ಲ. ಶಾಫ್ಟ್‌ನ ಜಾರುವ ಸ್ಪ್ಲೈನ್ (ಹಲ್ಲು ಕೊರೆದ ಜೋಡಣೆ) ಹೊರಗೆ ಬಂದರೆ ಅಲ್ಲೂ ಗುರುತು ಹಾಕಿ. ಶಾಫ್ಟ್‌ನ ಎರಡೂ ತುದಿಯ ಯೋಕ್‌ಗಳು (ಕವಲಿನಂಥ ತುಂಡುಗಳು) ಒಂದೇ ಸಾಲಿನಲ್ಲಿ ಇರಬೇಕು. ಒಂದು ಹಲ್ಲು ತಪ್ಪಿದರೂ ಕಂಪನ ಶುರು, ಆ ಕಂಪನಕ್ಕೆ ಬೋಲ್ಟ್ ಮತ್ತೆ ಸಡಿಲ.

ಬಿಚ್ಚಿದ ಬೋಲ್ಟ್‌ಗಳನ್ನು ಕೈಯಲ್ಲಿ ಹಿಡಿದು ನೋಡಿ. ಮೈಯಲ್ಲಿ ಮೆಟ್ಟಿಲಿನಂತೆ ಸವೆತ ಇದ್ದರೆ, ಥ್ರೆಡ್ ಎಳೆದುಕೊಂಡಿದ್ದರೆ, ಹೊಸದೇ ಹಾಕಬೇಕು. ಫ್ಲ್ಯಾಂಜ್ ತೂತುಗಳು ದುಂಡಗೆ ಉಳಿದಿವೆಯಾ, ಮೊಟ್ಟೆಯಾಕಾರ ಆಗಿವೆಯಾ ಅಂತ ಹೊಸ ಬೋಲ್ಟ್ ತೂರಿಸಿ ಅಲ್ಲಾಡಿಸಿ ನೋಡಿ. ಮೊಟ್ಟೆಯಾಕಾರ ಆಗಿದ್ದರೆ ಆ ಫ್ಲ್ಯಾಂಜ್ ಬದಲಾಯಿಸುವುದೇ ಸರಿ. ಕೈ ಡ್ರಿಲ್‌ನಲ್ಲಿ ತೂತು ದೊಡ್ಡದು ಮಾಡಿದರೆ ನಾಲ್ಕೂ ತೂತು ನಾಲ್ಕು ಕಡೆ ಹೋಗುತ್ತವೆ.

ಮುಖಗಳು ಬರೀ ಲೋಹವಾಗಲಿ

ಈ ಕೆಲಸಕ್ಕೆ ಸಮಯ ಕೊಡಿ. ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡ್ತೀನಿ ಅನ್ನುವವರು ಇದನ್ನು ಮಾಡಿ.

ಎರಡೂ ಫ್ಲ್ಯಾಂಜ್‌ಗಳ ಸೇರುವ ಮುಖದಿಂದ ಬಣ್ಣ, ಪ್ರೈಮರ್, ಅಂಡರ್‌ಕೋಟ್, ಒಣಗಿದ ಗ್ರೀಸ್ ಎಲ್ಲ ತೆಗೆಯಿರಿ. ಪೇಂಟ್ ರಿಮೂವರ್ ಹಚ್ಚಿ, ವೈರ್ ಬ್ರಷ್ ಹಾಕಿ, ಕೊನೆಗೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಬೋಲ್ಟ್ ತಲೆ ಕೂರುವ ಜಾಗ, ನಟ್ ಕೂರುವ ಜಾಗ ಕೂಡ ಅಷ್ಟೇ ಮುಖ್ಯ. ಅಲ್ಲಿನ ಬಣ್ಣವೂ ಹಿಸುಕುತ್ತದೆ. ತೂತಿನ ಅಂಚಿನಲ್ಲಿ ಎದ್ದ ಮುಳ್ಳುಗಳಿದ್ದರೆ ಚಪ್ಪಟೆ ಅರದಲ್ಲಿ ಎರಡು ಎಳೆ ಎಳೆದು ಸಮ ಮಾಡಿ. ಜಾಸ್ತಿ ಉಜ್ಜಬೇಡಿ. ಗ್ರೈಂಡರ್ ಹಿಡಿಯಲೇಬೇಡಿ, ಮುಖ ಓರೆಯಾಗುತ್ತದೆ.

ಮುಖದ ನಡುವೆ ಒಂದರೊಳಗೊಂದು ಕೂರುವ ಉಬ್ಬು ಇರುತ್ತದೆ. ಶಾಫ್ಟನ್ನು ನಡುವಿಗೆ ತರುವುದು ಅದರ ಕೆಲಸ. ಅಲ್ಲಿ ಒಂದು ಚೂರು ಬಣ್ಣ ಉಳಿದರೂ ಫ್ಲ್ಯಾಂಜ್ ಪೂರ್ತಿ ಕೂರುವುದಿಲ್ಲ. ಬೋಲ್ಟ್ ಇಲ್ಲದೆ ಕೈಯಲ್ಲೇ ಒತ್ತಿದಾಗ ಎರಡು ಮುಖ ಸುತ್ತಲೂ ಬೆಳಕು ಕಾಣದಂತೆ ಸೇರಬೇಕು.

ಮುಖಗಳ ನಡುವೆ ಗ್ರೀಸ್ ಬೇಡ, ಗ್ಯಾಸ್ಕೆಟ್ ಗೋಂದು ಬೇಡ. ತುಕ್ಕು ಹಿಡಿಯುತ್ತದೆ ಅನ್ನುವ ಭಯ ಇದ್ದರೆ ಪೂರ್ತಿ ಜೋಡಿಸಿ ಬಿಗಿ ಮಾಡಿದ ಮೇಲೆ ಹೊರಗಿನಿಂದ ಬಣ್ಣ ಹೊಡೆಯಿರಿ.

ಸರಿಯಾದ ಬೋಲ್ಟ್ ತರುವುದು

ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ. ಹಾಗಾಗಿ 1489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂಜಿನ್ನಿನ ಗಾಡಿಗಳಲ್ಲಿ ಬೋಲ್ಟ್‌ಗಳು ಇಂಚಿನ ಲೆಕ್ಕದವು. ಹೆಚ್ಚಿನವು ಯುಎನ್‌ಎಫ್, ಅಂದರೆ ಇಂಚಿನ ಲೆಕ್ಕದ ಸಣ್ಣ ಹಲ್ಲಿನ ಥ್ರೆಡ್. ಮುಂದೆ ಬಂದ ಇಸುಜು 1.8 ಎಂಜಿನ್ ಮೆಟ್ರಿಕ್. ಇವುಗಳ ಮೇಲೆ ದಶಕಗಳ ರಿಪೇರಿ ಬೇರೆ. ಒಂದೇ ಫ್ಲ್ಯಾಂಜ್‌ನಲ್ಲಿ ಮೂರು ತರದ ಬೋಲ್ಟ್ ಸಿಕ್ಕರೆ ಆಶ್ಚರ್ಯಪಡಬೇಡಿ.

ಇಲ್ಲಿ ಆಗುವ ಗೊಂದಲ ಅಪಾಯದ್ದು. 5/16 ಇಂಚಿನ ಬೋಲ್ಟ್ 7.94 ಮಿ.ಮೀ. ದಪ್ಪ. ಕಣ್ಣಿಗೆ 8 ಮಿ.ಮೀ. ಬೋಲ್ಟ್‌ನಂತೆಯೇ ಕಾಣುತ್ತದೆ. ಆದರೆ ಯುಎನ್‌ಎಫ್‌ನಲ್ಲಿ ಇಂಚಿಗೆ 24 ಥ್ರೆಡ್, ಅಂದರೆ ಒಂದರಿಂದ ಇನ್ನೊಂದಕ್ಕೆ 1.06 ಮಿ.ಮೀ. ಸಾಮಾನ್ಯ 8 ಮಿ.ಮೀ. ಬೋಲ್ಟ್‌ನಲ್ಲಿ ಅದು 1.25. ಒಂದರ ನಟ್ ಇನ್ನೊಂದಕ್ಕೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಸ್ಪ್ಯಾನರ್ ಹಾಕಿ ಒತ್ತಿದರೆ ಮುಂದೆ ಹೋಗುತ್ತದೆ, ಚೆನ್ನಾಗಿ ಬಿಗಿಯಾಯಿತು ಅನಿಸುತ್ತದೆ. ಅದು ಥ್ರೆಡ್ ಹರಿಯುತ್ತಿರುವ ಬಿಗಿ. ಫ್ಲ್ಯಾಂಜ್ ಮೇಲೆ ಒತ್ತಡ ಬಿದ್ದೇ ಇರುವುದಿಲ್ಲ. ಸಾದಾ ನಟ್ ಯಾವಾಗಲೂ ಬೋಲ್ಟ್‌ನ ಪೂರ್ತಿ ಉದ್ದಕ್ಕೆ ಬೆರಳಿನಲ್ಲೇ ಸಲೀಸಾಗಿ ಓಡಬೇಕು. ಓಡದಿದ್ದರೆ ಆ ಜೋಡಿ ತಪ್ಪು.

ಇನ್ನೊಂದು ತಪ್ಪು ಜೋಡಿ: 3/8 ಇಂಚು, ಅಂದರೆ 9.5 ಮಿ.ಮೀ. ಬೋಲ್ಟ್ ಇರಬೇಕಾದ ತೂತಿಗೆ 10 ಮಿ.ಮೀ. ತೂರುವುದಿಲ್ಲ. ಹಾಗಂತ 8 ಮಿ.ಮೀ. ಹಾಕಿ ಕಳಿಸುತ್ತಾರೆ. ತೂತಿನಲ್ಲಿ ಒಂದೂವರೆ ಮಿಲಿಮೀಟರ್ ಆಟ ಉಳಿಯುತ್ತದೆ. ಒತ್ತಡವೂ ಕಡಿಮೆ, ಜಾರಲು ಜಾಗವೂ ಜಾಸ್ತಿ. ಇದಕ್ಕೆ ಯಾವ ಲಾಕೂ ಉತ್ತರವಲ್ಲ.

ಸ್ಪ್ಯಾನರ್ ಕೂಡ ಇಂಚಿನದ್ದೇ ಇರಲಿ. 5/16ರ ತಲೆಗೆ ಅರ್ಧ ಇಂಚು, 3/8ರ ತಲೆಗೆ 9/16. ಅರ್ಧ ಇಂಚು ಅಂದರೆ 12.7 ಮಿ.ಮೀ., 13ರ ಸ್ಪ್ಯಾನರ್ ಕೂರುತ್ತದೆ, ಆದರೆ ಮೂಲೆಗಳನ್ನು ತಿಂದು ಹಾಕುತ್ತದೆ.

ಬೋಲ್ಟ್ ತಲೆ ಮೇಲಿನ ಗುರುತು ಓದಿ. ಇಂಚಿನ ಬೋಲ್ಟ್‌ನಲ್ಲಿ ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಗ್ರೇಡ್ 8. ಮೆಟ್ರಿಕ್‌ನಲ್ಲಿ 8.8, 10.9 ಅಂತ ಬರೆದಿರುತ್ತದೆ. ಏನೂ ಗುರುತಿಲ್ಲದ ಬೋಲ್ಟನ್ನು ಡ್ರೈವ್‌ಟ್ರೇನ್ ಹತ್ತಿರ ತರಬೇಡಿ, ಗೇಟು ಕಿಟಕಿಗೆ ಇಟ್ಟುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಳೆ ಬೋಲ್ಟ್ ಒಂದನ್ನು ಜೇಬಲ್ಲಿ ಹಾಕಿಕೊಂಡು ಹೋಗಿ, ‘ಹೈ ಟೆನ್ಸೈಲ್, ಯುಎನ್‌ಎಫ್’ ಅಂತ ಬಿಡಿಸಿ ಕೇಳಿ.

ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ಮೇಲೆ ಆಸೆ ಸಹಜ. ಇಲ್ಲಿ ಬೇಡ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎ2-70 ಸ್ಟೇನ್‌ಲೆಸ್ 8.8ಕ್ಕಿಂತ ಮೆದು. ಸಾಲದ್ದಕ್ಕೆ ಬಿಗಿ ಮಾಡುವಾಗ ಥ್ರೆಡ್ ಒಂದಕ್ಕೊಂದು ಅಂಟಿ ಸಿಕ್ಕಿಹಾಕಿಕೊಳ್ಳುತ್ತದೆ.

ಉದ್ದವೂ ಮುಖ್ಯ. ಥ್ರೆಡ್ ಇಲ್ಲದ ನುಣುಪು ಭಾಗ ಎರಡು ಮುಖ ಸೇರುವ ಗೆರೆಯನ್ನು ದಾಟಿರಬೇಕು. ಆದರೆ ನಟ್‌ಗೆ ತಾಗುವಷ್ಟು ಉದ್ದ ಇರಬಾರದು, ತಾಗಿದರೆ ನಟ್ ಅಲ್ಲೇ ನಿಂತು ಒತ್ತಡ ಬೀಳುವುದಿಲ್ಲ. ಬಿಗಿ ಮಾಡಿದ ಮೇಲೆ ನಟ್‌ನಿಂದ ಎರಡು ಥ್ರೆಡ್ ಹೊರಗೆ ಕಾಣಲಿ.

ಸ್ಪ್ರಿಂಗ್ ವಾಶರ್ ನಂಬಬೇಡಿ

ಒಂದು ಕಡೆ ಸೀಳಿದ ಸ್ಪ್ರಿಂಗ್ ವಾಶರ್ ಎಲ್ಲ ಗ್ಯಾರೇಜಿನಲ್ಲೂ ಇದೆ. ಬೋಲ್ಟ್ ಪೂರ್ತಿ ಬಿಗಿಯಾದಾಗ ಅದು ಚಪ್ಪಟೆಯಾಗಿಬಿಡುತ್ತದೆ. ಆಮೇಲೆ ಅದು ಸಾದಾ ವಾಶರ್ ಅಷ್ಟೇ, ಲಾಕ್ ಮಾಡುವ ಶಕ್ತಿ ಇಲ್ಲ ಅಂತ ನಾಸಾದ 1990ರ ಬೋಲ್ಟ್ ಕೈಪಿಡಿಯಲ್ಲೇ ಇದೆ. ಗಟ್ಟಿ ಉಕ್ಕಿನ ಚಪ್ಪಟೆ ವಾಶರ್ ಹಾಕಿ, ಅಥವಾ ಫ್ಲ್ಯಾಂಜ್ ಮೇಲೆ ನೇರವಾಗಿ ನಟ್ ಕೂರಿಸಿ. ಮೆದು ವಾಶರ್ ಬೇಡ, ಅದು ಕುಸಿಯುತ್ತದೆ. ಒಂದರ ಮೇಲೊಂದು ಎರಡು ಮೂರು ವಾಶರ್ ಪೇರಿಸುವುದೂ ಬೇಡ. ಪ್ರತಿ ಸೇರುವ ಮುಖವೂ ಸ್ವಲ್ಪ ಸ್ವಲ್ಪ ಬಿಗಿತ ತಿನ್ನುತ್ತದೆ.

ಈಗ ಲಾಕ್

ಪ್ರೊಪೆಲ್ಲರ್ ಶಾಫ್ಟ್‌ಗೆ ನನ್ನ ಆಯ್ಕೆ ಹೊಸ ನೈಲಾಕ್ ನಟ್. ಒಳಗಿನ ನೈಲಾನ್ ಉಂಗುರ ಥ್ರೆಡ್ ಹಿಡಿದುಕೊಳ್ಳುತ್ತದೆ. ಒತ್ತಡ ಕಳೆದುಹೋಗುವುದನ್ನು ಅದು ತಡೆಯುವುದಿಲ್ಲ, ಆದರೆ ಸಡಿಲವಾದ ನಟ್ ಬಿದ್ದುಹೋಗದಂತೆ ತಡೆಯುತ್ತದೆ. ಪ್ರತಿ ಸಲ ಬಿಚ್ಚಿದಾಗ ಹೊಸದು ಹಾಕಿ, ದುಬಾರಿಯೇನಲ್ಲ. ಸೈಲೆನ್ಸರ್ ಪೈಪಿನ ಹತ್ತಿರ ಮಾತ್ರ ಬಳಸಬೇಡಿ. ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೈಲಾನ್ ಕೆಲಸಕ್ಕೆ ಬಾರದು.

ಸಾದಾ ನಟ್ ಹಾಕಬೇಕಾದರೆ ನೀಲಿ ಥ್ರೆಡ್‌ಲಾಕರ್, ಅಂದರೆ ಥ್ರೆಡ್ ಹಿಡಿಯುವ ಗೋಂದು. ಲಾಕ್‌ಟೈಟ್ 243 ಅಂಥದ್ದು. ಗಾಳಿ ಸಿಗದ ಕಡೆ, ಲೋಹದ ಸಂಪರ್ಕದಲ್ಲಿ ಮಾತ್ರ ಅದು ಗಟ್ಟಿಯಾಗುತ್ತದೆ. ಬಾಟಲಿಯಲ್ಲಿ ದ್ರವವಾಗೇ ಇರುವುದು ಒಳಗೆ ಗಾಳಿ ಇರುವುದರಿಂದ. ಬೋಲ್ಟ್, ನಟ್ ಎರಡನ್ನೂ ಥಿನ್ನರ್‌ನಲ್ಲಿ ತೊಳೆದು ಒಣಗಿಸಿ. ನಟ್ ಕೊನೆಗೆ ಬಂದು ಕೂರುವ ಜಾಗದ ಥ್ರೆಡ್‌ಗೆ ಎರಡು ಹನಿ ಸಾಕು. ತಕ್ಷಣ ಬಿಗಿ ಮಾಡಿ, 24 ಗಂಟೆ ಗಾಡಿ ಓಡಿಸಬೇಡಿ.

ಕೆಂಪು ಥ್ರೆಡ್‌ಲಾಕರ್ ಇಲ್ಲಿ ಬೇಡ. ಮುಂದೆ ಬಿಚ್ಚಬೇಕಾದರೆ ಸುಮಾರು 250 ಡಿಗ್ರಿ ಕಾಯಿಸಬೇಕು. ಪಕ್ಕದಲ್ಲೇ ಡಿಫರೆನ್ಷಿಯಲ್‌ನ ಪಿನಿಯನ್ (ಶಾಫ್ಟ್ ಸೇರುವ ಸಣ್ಣ ಗೇರ್) ಆಯಿಲ್ ಸೀಲ್, ಶಾಫ್ಟ್ ತುದಿಯ ಬಾಗುವ ಕೀಲಾದ ಯೂನಿವರ್ಸಲ್ ಜಾಯಿಂಟ್‌ನ ರಬ್ಬರ್ ಇರುತ್ತದೆ. ನೈಲಾಕ್ ಹಾಕಿ ಅದರ ಮೇಲೆ ಗೋಂದೂ ಹಾಕುವುದು ಸುಮ್ನೆ ಖರ್ಚು. ಎರಡರಲ್ಲಿ ಒಂದು ಸಾಕು.

ಬಿಗಿ ಮಾಡುವ ಕ್ರಮ

ನಾಲ್ಕೂ ಬೋಲ್ಟ್ ತೂರಿಸಿ, ನಟ್‌ಗಳನ್ನು ಬೆರಳಿನಲ್ಲಿ ಓಡಿಸಿ. ನೈಲಾಕ್ ಆದರೆ ನೈಲಾನ್ ತಾಗುವವರೆಗೆ. ಫ್ಲ್ಯಾಂಜ್ ನಡುವಿನ ಉಬ್ಬಿಗೆ ಸರಿಯಾಗಿ ಕೂತಿದೆಯಾ ನೋಡಿ. ಆಮೇಲೆ ಎದುರುಬದುರು ಕ್ರಮದಲ್ಲಿ ಮೂರು ಹಂತ. ಮೊದಲು ಮೂರನೇ ಒಂದು ಭಾಗ ಟಾರ್ಕ್, ಆಮೇಲೆ ಮೂರನೇ ಎರಡು ಭಾಗ, ಕೊನೆಗೆ ಪೂರ್ತಿ. ಬೋಲ್ಟ್ ತಲೆ ಹಿಡಿದುಕೊಂಡು ನಟ್ ತಿರುಗಿಸಿ. ಶಾಫ್ಟ್ ತಿರುಗದಂತೆ ಹ್ಯಾಂಡ್‌ಬ್ರೇಕ್ ಹಾಕಿರಿ.

ಎಷ್ಟು ಟಾರ್ಕ್? ನಿಮ್ಮ ಮಾದರಿಯ ವರ್ಕ್‌ಶಾಪ್ ಮ್ಯಾನುಯಲ್ ಹೇಳಿದಷ್ಟು. ಅದು ಸಿಗದಿದ್ದರೆ ಬೋಲ್ಟ್ ದರ್ಜೆಯ ಸಾಮಾನ್ಯ ಲೆಕ್ಕ ಹೀಗಿದೆ, ಒಣ ಥ್ರೆಡ್‌ಗೆ: 5/16 ಯುಎನ್‌ಎಫ್ ಗ್ರೇಡ್ 5ಕ್ಕೆ ಸುಮಾರು 26 ನ್ಯೂಟನ್ ಮೀಟರ್, 3/8 ಯುಎನ್‌ಎಫ್ ಗ್ರೇಡ್ 5ಕ್ಕೆ ಸುಮಾರು 47, ಮೆಟ್ರಿಕ್ 8 ಮಿ.ಮೀ. 8.8ಕ್ಕೆ ಸುಮಾರು 25. ಹಳೆ ಮ್ಯಾನುಯಲ್‌ಗಳಲ್ಲಿ ಪೌಂಡ್-ಅಡಿ ಇರುತ್ತದೆ. ಅದನ್ನು 1.356ರಿಂದ ಗುಣಿಸಿ. ಕೆಜಿ-ಮೀಟರ್ ಇದ್ದರೆ 9.8ರಿಂದ.

ಥ್ರೆಡ್‌ಗೆ ಎಣ್ಣೆ ಹಚ್ಚಿ ಇದೇ ಟಾರ್ಕ್ ಕೊಟ್ಟರೆ ಬೋಲ್ಟ್ ಅಳತೆ ಮೀರಿ ಎಳೆಯುತ್ತದೆ. ಯಾಕೆಂದರೆ ನಾವು ಕೊಡುವ ಟಾರ್ಕ್‌ನಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತ್ರ ಬೋಲ್ಟ್ ಎಳೆಯಲು ಹೋಗುತ್ತದೆ. ಉಳಿದದ್ದೆಲ್ಲ ತಲೆ ಕೆಳಗಿನ ಮತ್ತು ಥ್ರೆಡ್‌ನ ಘರ್ಷಣೆಗೆ ಖರ್ಚು. ಘರ್ಷಣೆ ಸ್ವಲ್ಪ ಕಡಿಮೆಯಾದರೂ ಎಳೆತ ಬಹಳ ಏರುತ್ತದೆ. ನೈಲಾಕ್‌ನಲ್ಲಿ ಇದಕ್ಕೆ ವಿರುದ್ಧ. ನಟ್ ಫ್ಲ್ಯಾಂಜ್‌ಗೆ ತಾಗುವ ಮೊದಲೇ ತಿರುಗಿಸಲು ಎಷ್ಟು ಬಲ ಬೇಕು ಅಂತ ಟಾರ್ಕ್ ರೆಂಚ್‌ನಲ್ಲಿ ನೋಡಿ, ಅಷ್ಟನ್ನು ಕೊನೆಯ ಟಾರ್ಕ್‌ಗೆ ಸೇರಿಸಿ.

ಯೋಕ್ ಅಡ್ಡ ಬಂದು ಸಾಕೆಟ್ ಕೂರದಿದ್ದರೆ, ಟಾರ್ಕ್ ರೆಂಚ್‌ಗೆ ಸಿಕ್ಕಿಸುವ ಹಿಡಿಯಿಲ್ಲದ ಕ್ರೋಫುಟ್ ಸ್ಪ್ಯಾನರ್ ಬಳಸಿ. ಅದನ್ನು ಟಾರ್ಕ್ ರೆಂಚ್‌ಗೆ 90 ಡಿಗ್ರಿಯಲ್ಲಿ ಹಾಕಿದರೆ ಅಳತೆ ಬದಲಾಗುವುದಿಲ್ಲ.

ಗುರುತು ಹಾಕಿ, ಮತ್ತೆ ನೋಡಿ

ಬಿಗಿಯಾದ ಮೇಲೆ ನಟ್, ಬೋಲ್ಟ್ ತುದಿ, ಫ್ಲ್ಯಾಂಜ್ ಮೂರಕ್ಕೂ ಸೇರಿ ಒಂದು ಹಳದಿ ಗೆರೆ ಎಳೆಯಿರಿ. ಇನ್ನು ಮುಂದೆ ಟಾರ್ಚ್ ಹಾಕಿದರೆ ಸಾಕು, ನಟ್ ತಿರುಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಆದರೆ ಮುಖ ಕುಸಿದರೆ ಗೆರೆ ತಪ್ಪುವುದಿಲ್ಲ. ಆದ್ದರಿಂದ ನೈಲಾಕ್ ಹಾಕಿದವರು 50ರಿಂದ 100 ಕಿ.ಮೀ. ಓಡಿಸಿ, ಗಾಡಿ ತಣ್ಣಗಾದ ಮೇಲೆ ಒಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ. 500 ಕಿ.ಮೀ.ಗೆ ಇನ್ನೊಮ್ಮೆ. ಆಮೇಲೆ ಪ್ರತಿ ಸರ್ವಿಸ್‌ಗೆ, ಮತ್ತೆ ಘಾಟಿ ಪ್ರಯಾಣದ ಮೊದಲು ಗೆರೆ ನೋಡಿದರೆ ಸಾಕು.

ಥ್ರೆಡ್‌ಲಾಕರ್ ಹಾಕಿದವರು ಹೀಗೆ ರೆಂಚ್ ಹಾಕಬೇಡಿ. ಒಣಗಿದ ಗೋಂದು ಒಮ್ಮೆ ತಿರುಗಿದರೆ ಒಡೆದುಹೋಗುತ್ತದೆ. ತಿರುಗಿತು ಅಂದರೆ ಬಿಚ್ಚಿ, ತೊಳೆದು, ಹೊಸದಾಗಿ ಹಚ್ಚಬೇಕು. ಇಲ್ಲಿ ಗೆರೆ ಮತ್ತು ಆ ಕೆಂಪು ಪುಡಿಯನ್ನೇ ಗಮನಿಸಿ. ನೈಲಾಕ್ ನನಗೆ ಇಷ್ಟವಾಗುವುದಕ್ಕೆ ಇದೂ ಒಂದು ಕಾರಣ.

ಇನ್ನುಳಿದ ಬೋಲ್ಟ್‌ಗಳು

ಹಿಂದಿನ ಪಟ್ಟೆ ಸ್ಪ್ರಿಂಗ್‌ನ ಯು-ಬೋಲ್ಟ್‌ಗಳನ್ನು ಗಾಡಿಯ ಭಾರ ಚಕ್ರದ ಮೇಲಿರುವಾಗ ಬಿಗಿ ಮಾಡಿ. ಪಟ್ಟೆಗಳ ನಡುವೆ ಹೊಸ ಬಣ್ಣ ಇದ್ದರೆ ಅವೂ ಒಂದೆರಡು ಸಲ ಕುಸಿಯುತ್ತವೆ. ಜೀಪಿನ ಯೂನಿವರ್ಸಲ್ ಜಾಯಿಂಟ್ ಹಿಡಿಯುವ ಸಣ್ಣ ಯು-ಬೋಲ್ಟ್‌ಗೆ ಮಾತ್ರ ಕೈ ಬಲ ತೋರಿಸಬೇಡಿ. ಜಾಸ್ತಿ ಬಿಗಿಯಾದರೆ ಬೇರಿಂಗ್ ಕಪ್ ಅಪ್ಪಚ್ಚಿಯಾಗಿ ಜಾಯಿಂಟ್ ಕಚ್ಚಿಕೊಳ್ಳುತ್ತದೆ. ಪೇಪರ್ ಗ್ಯಾಸ್ಕೆಟ್ ಇರುವ ಕಡೆ ಗ್ಯಾಸ್ಕೆಟ್ ತಾನಾಗೇ ತೆಳುವಾಗುತ್ತದೆ. ಅಲ್ಲಿ ಮೊದಲ ಓಟದ ನಂತರ ಇನ್ನೊಮ್ಮೆ ಬಿಗಿ ಮಾಡುವುದು ಕಡ್ಡಾಯ.

ಫ್ಲೈವ್ಹೀಲ್, ಕ್ರೌನ್ ವ್ಹೀಲ್ ಬೋಲ್ಟ್‌ಗಳಿಗೆ ಮಡಚುವ ಟ್ಯಾಬ್ ವಾಶರ್ ಇದ್ದರೆ ಬಿಚ್ಚಿದಾಗಲೆಲ್ಲ ಹೊಸದು ಹಾಕಿ. ಎರಡನೇ ಸಲ ಮಡಚಿದ ಕಿವಿ ಮುರಿದು ಒಳಗೆ ಬಿದ್ದರೆ ಗೇರ್ ಹಲ್ಲಿಗೇ ಸಿಗುತ್ತದೆ. ಮೇಲೆ ಸೀಳುಗಳಿರುವ ಕ್ಯಾಸಲ್ ನಟ್‌ನಲ್ಲಿ ಸ್ಪ್ಲಿಟ್ ಪಿನ್ ತೂತು ಸೇರದಿದ್ದರೆ ಮುಂದಕ್ಕೆ ಬಿಗಿ ಮಾಡಿ ಸೇರಿಸಿ, ಹಿಂದಕ್ಕೆ ಸಡಿಲ ಮಾಡಬೇಡಿ. ಮುಂದಿನ ಚಕ್ರದ ಬೇರಿಂಗ್ ನಟ್ ಬೇರೆ ವಿಷಯ, ಅಲ್ಲಿ ಮ್ಯಾನುಯಲ್ ಹೇಳಿದ ಸಡಿಲ ಇರಲೇಬೇಕು. ಚಕ್ರದ ನಟ್‌ಗಳಿಗೆ ಗೋಂದೂ ಬೇಡ, ಎಣ್ಣೆಯೂ ಬೇಡ.

ಇಷ್ಟೆಲ್ಲ ಮಾಡಿಯೂ ಸಡಿಲವಾದರೆ

ಆಗ ತಪ್ಪು ಬೋಲ್ಟ್‌ನಲ್ಲಿಲ್ಲ. ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಯೂನಿವರ್ಸಲ್ ಜಾಯಿಂಟ್‌ನ ಕ್ರಾಸ್‌ನಲ್ಲಿ (ನಡುವಿನ ಶಿಲುಬೆಯಾಕಾರದ ತುಂಡು) ಸ್ವಲ್ಪ ಆಟ ಇದ್ದರೂ ಬದಲಾಯಿಸಿ. ಪಿನಿಯನ್ ಫ್ಲ್ಯಾಂಜೇ ಅಲ್ಲಾಡುತ್ತಿದ್ದರೆ ನಡುವಿನ ದೊಡ್ಡ ನಟ್ ಅನ್ನು ಸುಮ್ನೆ ಬಿಗಿ ಮಾಡಿ ಮುಗಿಸಬೇಡಿ. ಒಳಗಿನ ಬೇರಿಂಗ್‌ಗಳ ಹೊಂದಾಣಿಕೆಯೂ ಅದೇ ನಟ್‌ಗೆ ಸೇರಿದೆ, ಡಿಫರೆನ್ಷಿಯಲ್ ಬಲ್ಲವರ ಕೈಗೆ ಕೊಡಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟಿಂಗ್ ರಬ್ಬರ್ ಕುಸಿದು ಶಾಫ್ಟ್‌ನ ಕೋನ ಬದಲಾಗಿರಬಹುದು. ರಬ್ಬರ್ ಬಿರುಕು ಬಿಟ್ಟಿದ್ದರೆ, ಎಣ್ಣೆ ಕುಡಿದು ಮೆತ್ತಗಾಗಿದ್ದರೆ ಹೊಸದು ಹಾಕಿ.

ಶಾಫ್ಟ್ ಮೇಲೆ ಗಟ್ಟಿಯಾದ ಕೆಸರು, ಹನಿಹನಿಯಾಗಿ ಅಂಟಿದ ಅಂಡರ್‌ಕೋಟ್ ಇದ್ದರೆ ಕೆರೆದು ತೆಗೆಯಿರಿ. ಕೊಳವೆಗೆ ವೆಲ್ಡ್ ಮಾಡಿದ ಸಣ್ಣ ತೂಕದ ತುಂಡು ಕಳಚಿಹೋದ ಗುರುತು ಕಂಡರೆ, ಅಥವಾ ಒಂದೇ ವೇಗದಲ್ಲಿ ಯಾವಾಗಲೂ ನಡುಕ ಬರುತ್ತಿದ್ದರೆ, ಶಾಫ್ಟ್ ಬಿಚ್ಚಿ ಬ್ಯಾಲೆನ್ಸಿಂಗ್ ಮಾಡುವ ವರ್ಕ್‌ಶಾಪಿಗೆ ಒಯ್ಯಿರಿ. ಲಾರಿ ಶಾಫ್ಟ್ ಮಾಡುವವರು ಇದನ್ನೂ ಮಾಡಿಕೊಡುತ್ತಾರೆ. ಹೊಸ ಕ್ರಾಸ್ ಹಾಕಿಸಿದ ಮೇಲೆಯೇ ಬ್ಯಾಲೆನ್ಸ್ ಮಾಡಿಸಿ, ಮೊದಲು ಅಲ್ಲ.